ಹಾಯಿಯ ಮೇಲಿನ ಗುಳ್ಳೆ

ಭಾನುವಾರ ಬೆಳಿಗ್ಗೆ ಮುಖದ ತುಂಬ ಸೋಪಿನ ನೊರೆ ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದ ಮೇಸ್ತ್ರಿಗೆ ಹಜಾರದಿಂದ ಹೆಂಡತಿಯ ನಗು ಕೇಳಿಸಿ, ರೇಜರು ಗಲ್ಲದ ಮೇಲೆ ಹಾಗೇ ನಿಂತುಬಿಟ್ಟಿತು. ಅವಳ ನಗುವಿನಲ್ಲಿ ಎರಡು ಜಾತಿ. ಗಂಡನ ಮಾತಿಗೆ ನಕ್ಕರೆ ಅದು ಮೂಗಿನಿಂದ ಬರುತ್ತಿತ್ತು, ಸೀನು ಬಂದೂ ಬಾರದೆ ಹೋದ ಹಾಗೆ. ಅವಳ ತಂಗಿಯ ಗಂಡ, ಅಂದರೆ ಮೇಸ್ತ್ರಿಯ ಷಡ್ಡಕ, ಏನಾದರೂ ಅಂದರೆ ಮಾತ್ರ ಹೊಟ್ಟೆಯಿಂದ ಹೊರಟು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು, ಗೋಡೆಯ ಸುಣ್ಣ ಉದುರಿಸುತ್ತ ಬರುತ್ತಿತ್ತು. ಈಗ ಬಂದದ್ದು ಸುಣ್ಣ ಉದುರಿಸುವ ಜಾತಿ. ಕನ್ನಡಿಯ ಬಲಮೂಲೆಯಲ್ಲಿ ಹಿಂಬದಿಯ ಲೇಪ ಬಿಟ್ಟುಕೊಂಡು ಎದ್ದಿದ್ದ ಸಾಸಿವೆಕಾಳಿನಷ್ಟು ಗುಳ್ಳೆಯನ್ನು ಮೇಸ್ತ್ರಿ ದಿಟ್ಟಿಸಿದ. ಈ ಮನೆಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಅವನ ಕಣ್ಣು ಮುಖಕ್ಕಿಂತ ಮೊದಲು ಆ ಗುಳ್ಳೆಗೆ ಹೋಗುತ್ತಿತ್ತು. ಅವನ ಕಣ್ಣೆಂದರೆ ಸಾಮಾನ್ಯ ಕಣ್ಣಲ್ಲ. ಹದ್ದು ಅವನ ಹತ್ತಿರ ಇಳಿದು ಬಂದು ‘ಸ್ವಾಮಿ, ಅಲ್ಲಿ ಓಡ್ತಿರೋದು ಇಲಿನಾ ಹೆಗ್ಗಣನಾ’ ಎಂದು ಕೇಳಿಕೊಂಡು ಹೋಗಬೇಕು, ಅಂಥ ಕಣ್ಣು. ನಲ್ಲಿ ಮಾಡುವ ಕಾರ್ಖಾನೆಯ ಪ್ಲೇಟಿಂಗ್ ವಿಭಾಗದಲ್ಲಿ ಅವನು ಮೇಸ್ತ್ರಿ. ಆಸಿಡ್ ತೊಟ್ಟಿ, ನೀರಿನ ತೊಟ್ಟಿ, ನಿಕ್ಕಲ್ ತೊಟ್ಟಿ ದಾಟಿ ಮದುಮಕ್ಕಳ ಹಾಗೆ ಹೊಳೆಯುತ್ತ ಸಾಲಾಗಿ ತೂಗಿ ಬರುವ ನಲ್ಲಿಗಳಲ್ಲಿ ಯಾವುದರ ಲೇಪ ಸರಿಯಾಗಿ ಹಿಡಿದಿಲ್ಲ ಎನ್ನುವುದನ್ನು ಅವನು ಬಾಗಿಲಲ್ಲಿ ನಿಂತೇ, ಬೆನ್ನು ತಿರುಗಿಸಿ ನಿಂತಿದ್ದರೂ ಹೇಳಬಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಕೇಳಿದವರು ನಗುತ್ತಿದ್ದರು. ಆಮೇಲೆ ನಲ್ಲಿಯನ್ನು ಪರೀಕ್ಷಿಸಿ ನೋಡಿ ಸುಮ್ಮನಾಗುತ್ತಿದ್ದರು.

ಇಂಥ ಕಣ್ಣಿಗೆ ಮಣ್ಣು ಬಿತ್ತು. ಅದೂ ಎಂಥ ಜಾಗದಲ್ಲಿ! ನೆನೆಸಿಕೊಂಡರೆ ನೊರೆಯೊಳಗೇ ಮುಖ ಬಿಸಿಯಾಗುತ್ತಿತ್ತು. ಹೋದ ತಿಂಗಳು ಇಬ್ಬರೂ ಯಾವುದೋ ಮದುವೆ ಮುಗಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದಿದ್ದರು. ಷಡ್ಡಕನಿಗೆ ಅವಸರ, ಜೇಬಿನಲ್ಲಿ ಚಿಲ್ಲರೆ ಇಲ್ಲ, ಶೌಚಾಲಯದ ಬಾಗಿಲಲ್ಲಿ ಕೂತವಳು ಚಿಲ್ಲರೆ ಕೊಡದೆ ಒಳಗೆ ಬಿಡುವವಳಲ್ಲ. ಮೇಸ್ತ್ರಿ ಆಗಷ್ಟೇ ಬ್ರೆಡ್ಡು ಕೊಂಡು ಕೈಯಲ್ಲಿ ಚಿಲ್ಲರೆ ಹಿಡಿದಿದ್ದ. ಆ ಹೊತ್ತಿಗೆ ಅವನ ಬಾಯಲ್ಲಿ ಬರುತ್ತಿದ್ದದ್ದು ನಾಣ್ಯಗಳ ವಿಚಾರವೇ. ಹೇಗೆ ತಾನು ನಾಣ್ಯವನ್ನು ಕಣ್ಣಿಂದ ನೋಡುವುದೂ ಬೇಡ, ಬೆರಳ ತುದಿ ತಾಕಿದರೆ ಸಾಕು, ಅಚ್ಚಿನ ಬಿರುಕು, ಲೇಪದ ದೋಷ, ಎಲ್ಲವೂ ಕುರುಡನಿಗೆ ಊರಿನ ದಾರಿ ಸಿಕ್ಕ ಹಾಗೆ ಸಿಗುತ್ತದೆ ಎಂದು ವಿವರಿಸುತ್ತ, ವಿವರಿಸುವಾಗ ಷಡ್ಡಕನ ಮುಖದ ಮೇಲೆ ಬೆರಗು ಎಷ್ಟು ಮೂಡಿದೆ ಎಂದು ಅಳೆಯುತ್ತ, ಒಂದು ನಾಣ್ಯ ಎತ್ತಿ ಅವನ ಅಂಗೈಗೆ ಹಾಕಿದ. ಬೆರಳ ತುದಿ ತಾಕಿತ್ತು. ಏನೂ ಸಿಗಲಿಲ್ಲ. ಬೆರಗಿನ ಅಳತೆಯಲ್ಲಿ ಮುಳುಗಿದ್ದ ಮನುಷ್ಯನಿಗೆ ಆ ಗಳಿಗೆಯಲ್ಲಿ ಅಂಗೈಯಲ್ಲಿ ಆನೆಯಿದ್ದರೂ ಸಿಗುತ್ತಿರಲಿಲ್ಲ. ಷಡ್ಡಕ ನಾಣ್ಯ ನೋಡಿದ, ಮತ್ತೆ ನೋಡಿದ, ಬಾಗಿಲಿನವರೆಗೆ ಹೋಗಿದ್ದವನು ತಿರುಗಿ ಬಂದು ‘ಬೇಡ ಭಾವ, ಮನೇಲಿ ನೋಡ್ಕೋತೀನಿ’ ಅಂದ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡ ಮೇಸ್ತ್ರಿ ಬಸ್ಸಿನುದ್ದಕ್ಕೂ ಅವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಿದ್ದ; ಆ ನಾಣ್ಯ ಸಾಮಾನ್ಯದ್ದಲ್ಲ ಎಂದು ಷಡ್ಡಕನೇ ಫೋನು ಮಾಡಿ ಹೇಳಿದ್ದು ಮೊನ್ನೆ. ಅದನ್ನು ನೆನೆದರೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು, ಆ ಕಿಟಕಿಯ ಸೀಟು.

“ಬನ್ನಿ ಭಾವ, ಬನ್ನಿ. ನೀವಲ್ಲಿ ಗಡ್ಡ ತೆಗೀತಾ ಕೂತ್ರೆ ಇಲ್ಲಿ ನಂಗೆ ಗಡ್ಡ ಬೆಳೆಯೋ ಹಾಗಾಯ್ತು,” ಎಂದು ಹಜಾರದಲ್ಲಿ ಷಡ್ಡಕ ಕೈ ಚಾಚಿದ. ಹಾಸಿಗೆ ಅಂಗಡಿಯವನು. ಅವನು ಕೂತ ಕುರ್ಚಿಯೂ ಒಂದು ಗಳಿಗೆಯಲ್ಲಿ ಮೆತ್ತಗಾಗಿಬಿಡುತ್ತದೆ ಎನ್ನಿಸುವ ಹಾಗೆ ಕೂರುವವನು. ಪಕ್ಕದಲ್ಲಿ ನಾದಿನಿ, ಎದುರಿಗೆ ಹೆಂಡತಿ. ಮಧ್ಯೆ ಟೀಪಾಯಿಯ ಮೇಲೆ ಓಲೆ ಇಡುವ ಮಖಮಲ್ಲಿನ ಡಬ್ಬಿ, ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಅದು.

“ನನ್ನ ಓಲೆ ಈಗ ಎಲ್ಲಿದೆ ಕೇಳಿ ಭಾವ,” ಅಂದಳು ನಾದಿನಿ. “ಸಾಸಿವೆ ಡಬ್ಬದಲ್ಲಿ. ನಿನ್ನೆ ಒಗ್ಗರಣೆಗೆ ಬೀಳೋದಿತ್ತು.”

“ಬಿದ್ದಿದ್ರೂ ಅಡುಗೆಗೆ ಒಂದು ರುಚಿ ಬರ್ತಿತ್ತು ಬಿಡು,” ಅಂದ ಷಡ್ಡಕ. ಹೆಂಡತಿ ಮತ್ತೆ ಹೊಟ್ಟೆಯಿಂದ ನಕ್ಕಳು. ಆಮೇಲೆ ಗಂಡನನ್ನು ನೋಡಿ, ನಗುವನ್ನು ಮೂಗಿಗೆ ಇಳಿಸಿ, “ರೀ, ಕಿವಿ ಹತ್ರ ನೊರೆ ಇದೆ, ಒರೆಸಿಕೊಳ್ಳಿ,” ಅಂದಳು.

ಮೇಸ್ತ್ರಿ ಕಿವಿ ಒರೆಸಿಕೊಳ್ಳುತ್ತ ಡಬ್ಬಿಯೊಳಗೆ ಬಗ್ಗಿ ನೋಡಿದ. ಒಂದು ಕಡೆ ಅಂಕಿ, ಇನ್ನೊಂದು ಕಡೆ ಹಾಯಿ ಬಿಚ್ಚಿದ ಹಡಗು. ಬಸ್ಸಿನಲ್ಲಿ, ಬೇಕರಿಯಲ್ಲಿ, ಸೋಫಾದ ಸಂದಿಯಲ್ಲಿ, ಚಿಕ್ಕ ಮಕ್ಕಳ ಮೂಗಿನ ಹೊಳ್ಳೆಯಲ್ಲಿ, ಎಲ್ಲೆಂದರಲ್ಲಿ ಸಿಗುವ ಪುಡಿ ನಾಣ್ಯ. ಒಳಗೆ ಉಕ್ಕು, ಮೇಲೆ ತಾಮ್ರದ ತೆಳು ಲೇಪ. ಆದರೆ ಈ ನಾಣ್ಯದಲ್ಲಿ ದೊಡ್ಡ ಹಾಯಿಯ ತುದಿಗೆ ಸರಿಯಾಗಿ ಒಂದು ಗುಳ್ಳೆ ಎದ್ದಿತ್ತು. ದುಂಡಗೆ, ನುಣ್ಣಗೆ, ಅಂಚು ಕೆಡದೆ, ಅಳೆದು ಇಟ್ಟ ಹಾಗೆ, ಹಡಗಿನ ಮೇಲೆ ಹುಣ್ಣಿಮೆಯ ಚಂದ್ರ ಬಂದ ಹಾಗೆ. ಲೇಪದ ಗುಳ್ಳೆಗಳನ್ನು ಅವನು ತನ್ನ ಜನ್ಮದಲ್ಲಿ ಕೋಟಿಗಟ್ಟಲೆ ನೋಡಿದ್ದ. ಅವೆಲ್ಲ ಮೊಡವೆಗಳ ಹಾಗೆ ಕಂಡಲ್ಲಿ ಎದ್ದವು. ಇಂಥದ್ದು ನೋಡಿರಲಿಲ್ಲ. ಅದರ ಗುಟ್ಟು ಅವನಿಗೆ ಗೊತ್ತಿಲ್ಲದ್ದೇನಲ್ಲ. ಟಂಕಸಾಲೆಯಲ್ಲಿ ಯಾರೋ ಸೋಮಾರಿ ಉಕ್ಕಿನ ಬಿಲ್ಲೆಯನ್ನು ಸರಿಯಾಗಿ ತೊಳೆದಿಲ್ಲ, ಎಣ್ಣೆಯ ಒಂದು ಚುಕ್ಕೆ ಉಳಿದಿದೆ, ಅಷ್ಟು ಜಾಗದಲ್ಲಿ ತಾಮ್ರ ಹಿಡಿದಿಲ್ಲ, ಒಳಗೆ ಗಾಳಿ ಸೇರಿ ಉಬ್ಬಿದೆ. ಅವನ ವಿಭಾಗದಲ್ಲಿ ಹೀಗಾಗಿದ್ದರೆ ಆ ಸೋಮಾರಿಯ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದ. ಇಲ್ಲಿ ಅದೇ ಕೊಳೆ ಚಂದ್ರನಾಗಿ, ಓಲೆಯ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಈ ಹಾಸಿಗೆಯವನ ಅದೃಷ್ಟವಾಗಿ ಮಲಗಿತ್ತು.

“ಇವತ್ತು ನಿಮ್ಮ ನಾಣ್ಯದ ಕೂಟದಲ್ಲಿ ಇಡ್ತೀನಿ ಭಾವ,” ಅಂದ ಷಡ್ಡಕ. “ನೀವು ಒಂದು ಮಾತು ಅಂದ್ರೆ ಸಾಕು. ನಾಲ್ಕೂ ಜನ ಹೋಗೋಣ. ಇದರ ಕಥೆ ಇದೆಯಲ್ಲ, ಅದನ್ನ ಎಲ್ಲರ ಮುಂದೆ ಹೇಳ್ಬೇಕು. ಭಾವ ಕೊಟ್ರು, ನಾನು ತಡ್ಕೊಂಡೆ! ನಾಣ್ಯಕ್ಕೋಸ್ಕರ ಯಾರಾದ್ರೂ ಅಷ್ಟು ಹೊತ್ತು ತಡ್ಕೊಂಡಿದಾರಾ ಅತ್ತಿಗೆ? ಚರಿತ್ರೆಯಲ್ಲೇ ಇಲ್ಲ.”

“ನೀವು ಕೊಟ್ಟಿದ್ದಾ?” ಎಂದು ಹೆಂಡತಿ ಗಂಡನ ಕಡೆ ತಿರುಗಿದಳು. “ನೋಡ್ದೆನೇ ಕೊಟ್ರಾ?”

“ಅವಸರ ಅಂದ, ಕೊಟ್ಟೆ,” ಅಂದ ಮೇಸ್ತ್ರಿ. ತನ್ನ ದನಿ ತನಗೇ ಬಕೆಟ್ಟಿನ ತಳದಿಂದ ಬಂದ ಹಾಗೆ ಕೇಳಿಸಿತು.

ಪುಡಿ ನಾಣ್ಯಗಳ ಕೂಟ ತಿಂಗಳಿಗೊಮ್ಮೆ ಸೇರುತ್ತಿದ್ದದ್ದು ಪೇಟೆಯ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವ ಅಂಗಡಿಯ ಮಹಡಿಯಲ್ಲಿ. ಅರಸರ ಕಾಲದ ಚಿನ್ನ ಬೆಳ್ಳಿ ಅಲ್ಲಿಗೆ ಬರಕೂಡದು. ಜೇಬಿನಲ್ಲಿ ಓಡಾಡುವ ಇವತ್ತಿನ ಚಿಲ್ಲರೆಯಲ್ಲಿ ಸಿಕ್ಕ ವಿಚಿತ್ರಗಳು ಮಾತ್ರ. ಯಾರಾದರೂ ನಾಣ್ಯವೊಂದನ್ನು ಮೇಜಿನ ಮೇಲಿಟ್ಟರೆ ಮೇಸ್ತ್ರಿ ಭೂತಗನ್ನಡಿಯಲ್ಲಿ ನೋಡಿ ಒಂದೇ ಒಂದು ಮಾತು ಹೇಳುತ್ತಿದ್ದ. ಟಂಕಸಾಲೆಯಲ್ಲೇ ಆದ ದೋಷವಾದರೆ ‘ಹುಟ್ಟು.’ ಹೊರಗೆ ಬಂದಮೇಲೆ ಬಿದ್ದು, ಉಜ್ಜಿ, ಬೆಂಕಿಗೆ ಸಿಕ್ಕಿ ಆದ ಗಾಯವಾದರೆ ‘ಪೆಟ್ಟು.’ ಹುಟ್ಟಾದರೆ ನಾಣ್ಯಕ್ಕೆ ಗಾಜಿನ ಬೀರುವಿನಲ್ಲಿ ಜಾಗ, ಪೆಟ್ಟಾದರೆ ಮತ್ತೆ ಬಸ್ಸಿನ ಟಿಕೇಟಿಗೆ. ಅವನ ಮಾತಿಗೆ ಎದುರು ಮಾತಿರಲಿಲ್ಲ. ಕಾರ್ಖಾನೆಯಲ್ಲಿ ಮೇಲಿನವರು ಅವನನ್ನು ‘ಏಯ್ ಪ್ಲೇಟಿಂಗ್’ ಎಂದು ಕರೆಯುತ್ತಿದ್ದರು, ಮನೆಯಲ್ಲಿ ಅವನ ಮಾತಿಗೆ ಅರ್ಧ ಬೆಲೆ ಕಟ್ಟಿ ಕೇಳುವುದು ರೂಢಿ. ಇಡೀ ಭೂಮಂಡಲದಲ್ಲಿ ಅವನು ಹೇಳಿದ್ದು ಹೇಳಿದಷ್ಟೇ ತೂಗುತ್ತಿದ್ದದ್ದು ಆ ಮಹಡಿಯ ಮೇಜಿನ ಮುಂದೆ ಮಾತ್ರ. ಇವತ್ತು ಅಲ್ಲಿ ‘ಹುಟ್ಟು’ ಅಂದನೋ, ಇಂಥ ಚಂದ್ರ ಮೇಸ್ತ್ರಿಯ ಬೆರಳ ಮೂಲಕ ಹಾದು ಶೌಚಾಲಯದ ಬಾಗಿಲಿಗೆ ಹೊರಟಿತ್ತು ಎಂಬ ಕಥೆ ಅದರ ಬಾಲ ಹಿಡಿದು ಬರುತ್ತದೆ. ನಾಳೆಯಿಂದ ಅವನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಬಸ್ ನಿಲ್ದಾಣದ ಕಡೆ ನೋಡುತ್ತಾರೆ. ‘ಪೆಟ್ಟು’ ಅಂದನೋ, ಚಂದ್ರ ಬರೀ ಗಾಯ. ಗಾಯಗೊಂಡ ಚಿಲ್ಲರೆಯನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಡಬಹುದು, ಅದು ಕಣ್ಣಿನ ತಪ್ಪಲ್ಲ.

ದಾರಿಯಲ್ಲಿ ಹೆಂಡತಿ ತಂಗಿಯ ಜೊತೆಗೂ ನಡೆಯಲಿಲ್ಲ, ಗಂಡನ ಜೊತೆಗೂ ನಡೆಯಲಿಲ್ಲ. ಷಡ್ಡಕನ ಪಕ್ಕದಲ್ಲಿ ನಡೆದಳು, ಅವನು ಹೇಳುವುದನ್ನು ಕೇಳುತ್ತ. ಅವನಿಗಾದರೋ ಹೇಳುವುದಕ್ಕೆ ಏನು ಕಡಿಮೆ. ಒಬ್ಬ ಗಿರಾಕಿ ಅಂಗಡಿಯಲ್ಲೇ ಹಾಸಿಗೆಯ ಮೇಲೆ ನಿದ್ದೆ ಹೋಗಿ ಎಬ್ಬಿಸಿದರೆ ಬೈದನಂತೆ. ಮುಚ್ಚಿದ ಅಂಗಡಿಗಳ ಕಬ್ಬಿಣದ ಬಾಗಿಲುಗಳ ಮೇಲೆ ಬಿಸಿಲು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಒಂದೊಂದು ಬಾಗಿಲಲ್ಲೂ ಬಣ್ಣ ಎಲ್ಲಿ ಉಬ್ಬಿದೆ, ಎಲ್ಲಿ ಸಿಪ್ಪೆ ಬಿಟ್ಟಿದೆ ಎನ್ನುವುದನ್ನು ಮೇಸ್ತ್ರಿ ಬೇಡವೆಂದರೂ ಎಣಿಸಿಕೊಳ್ಳುತ್ತ ಹಿಂದೆ ನಡೆದ. ಅವಳು ಷಡ್ಡಕನ ಮಾತು ಕೇಳುವಾಗ ತಲೆಯನ್ನು ಸ್ವಲ್ಪ ಎಡಕ್ಕೆ ಓರೆ ಮಾಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಮೇಸ್ತ್ರಿ ತಾನು ಆಸಿಡ್ ತೊಟ್ಟಿಯೊಳಗೆ ಬಿದ್ದವನೊಬ್ಬನನ್ನು ಒಂದೇ ಕೈಯಲ್ಲಿ ಎತ್ತಿದ ಕಥೆ ಹೇಳಿದಾಗ ಅವಳು ಹಾಗೇ ಓರೆ ಮಾಡಿ ಕೇಳಿದ್ದಳು. ಆಮೇಲೆ ಕಾರ್ಖಾನೆಯವರು ಯಾರೋ ಮನೆಗೆ ಬಂದು, ಬಿದ್ದದ್ದು ಮನುಷ್ಯನಲ್ಲ, ಮನುಷ್ಯನ ಟೋಪಿ ಎಂದು ಹೇಳಿಬಿಟ್ಟರು. ಅವತ್ತು ಆ ಕತ್ತು ನೆಟ್ಟಗಾದದ್ದು ಮತ್ತೆ ಓರೆಯಾಗಿಯೇ ಇಲ್ಲ. ಷಡ್ಡಕನೂ ಸುಳ್ಳು ಹೇಳುತ್ತಾನೆ, ಹೊಟ್ಟೆ ತುಂಬ ಹೇಳುತ್ತಾನೆ. ಯಾವ ಗಿರಾಕಿ ಅಂಗಡಿಯಲ್ಲಿ ಗೊರಕೆ ಹೊಡೆಯುತ್ತಾನೆ? ಆದರೆ ಅವನ ಸುಳ್ಳಿನ ಮೇಲೆ ಜನ ಹಾಸಿಗೆಯ ಮೇಲೆ ಹೊರಳಿದ ಹಾಗೆ ಹೊರಳುತ್ತಾರೆ. ನನ್ನ ಸುಳ್ಳಿನ ಮೇಲೆ ಮಾತ್ರ ಯಾಕೆ ಮುಳ್ಳಿನ ಮೇಲೆ ಕೂತ ಹಾಗೆ ಕೂರುತ್ತಾರೆ? ಬಿಸಿ ಮಾಡಿದ ನಾಣ್ಯದಲ್ಲೂ ಗುಳ್ಳೆ ಏಳುತ್ತದೆ, ಎಂದು ಅವನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ. ಸ್ಟವ್ ಮೇಲೆ ಇಟ್ಟರೆ ಸಾಕು, ಒಳಗಿನ ಗಾಳಿ ಹಿಗ್ಗಿ ತಾಮ್ರ ಎದ್ದು ನಿಲ್ಲುತ್ತದೆ. ಹಾಗೆ ಮಾಡುವವರಿದ್ದಾರೆ. ಪೆಟ್ಟು. ಒಂದೇ ಮಾತು. ಬಾಯಲ್ಲಿ ಅದನ್ನು ಹೊರಳಿಸಿ ನೋಡಿದ. ಮಾತು ಬೆಲ್ಲದ ಹಾಗೆ ಕರಗಲಿಲ್ಲ, ಗೋಲಿಯ ಹಾಗೆ ಹಲ್ಲಿಗೆ ಬಡಿಯಿತು.

ಮಹಡಿಯ ಕೋಣೆಯಲ್ಲಿ ಕಿಟಕಿಯ ಪಕ್ಕ ಉದ್ದನೆಯ ಮೇಜು, ಮೇಜಿನ ತುದಿಯಲ್ಲಿ ಕೂಟದ ಹಿರಿಯಳಾದ ಬೀಗದಮ್ಮ. ಕೆಳಗಿನ ಅಂಗಡಿ ಅವಳದೇ. ಅವಳ ಸೆರಗಿನಲ್ಲಿ ಸದಾ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು, ಮಾತು ಅರದ ಹಾಗೆ ಉಜ್ಜುತ್ತಿತ್ತು. ಸುತ್ತ ಹತ್ತಾರು ಜನ, ಎಲ್ಲರ ಮುಂದೂ ಒಂದೊಂದು ಮಡಿಸಿದ ಕರವಸ್ತ್ರ. ಮೇಸ್ತ್ರಿ ಒಳಗೆ ಬಂದದ್ದೇ ಅವರು ಕಿಟಕಿಯ ಬೆಳಕು ಬೀಳುವ ಕುರ್ಚಿಯನ್ನು ಬಿಟ್ಟುಕೊಟ್ಟರು. ಯಾವತ್ತೂ ಬಿಟ್ಟುಕೊಡುತ್ತಿದ್ದರು. ಇವತ್ತು ಅದು ಕಿಟಕಿಯ ಸೀಟು ಎನ್ನುವುದು ಚುಚ್ಚಿತು. ಹೆಂಡತಿಯೂ ನಾದಿನಿಯೂ ಗೋಡೆಯ ಬೆಂಚಿನ ಮೇಲೆ ಕೂತರು. ಹೆಂಡತಿ ಈ ಕೋಣೆಗೆ ಬಂದದ್ದು ಇದೇ ಮೊದಲು. ಅವನು ಎಷ್ಟೋ ಸಲ ಕರೆದಿದ್ದ. ಷಡ್ಡಕ ಒಂದು ಸಲ ಕರೆದ, ಬಂದಳು.

ಮೊದಲು ಒಬ್ಬ ಬಸ್ ಕಂಡಕ್ಟರ್ ತನ್ನ ನಾಣ್ಯ ಇಟ್ಟ. ಹಡಗಿನ ನಡುವೆ ಕೂದಲೆಳೆಯಂಥ ಗೆರೆ. “ಮೇಸ್ತ್ರಿಗಳೇ, ಇದು ಯಾವನೋ ಮೊಳೆಯಲ್ಲಿ ಗೀಚಿದ್ದು ಅಂತ ನನ್ನ ಹೆಂಡ್ತಿ ಅಂತಾಳೆ. ಅವಳ ಬಾಯಿ ಮುಚ್ಚಿಸೋ ಹಾಗೆ ಒಂದು ಮಾತು ಹೇಳಿ.”

ಮೇಸ್ತ್ರಿ ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದ. ಗೀಚಿದ ಗೆರೆ ಕೆಳಗೆ ಇಳಿಯುತ್ತದೆ. ಇದು ಮೇಲೆದ್ದಿತ್ತು. ಬಿರಿದ ಅಚ್ಚಿನ ಸಂದಿಯೊಳಗೆ ಲೋಹ ನುಗ್ಗಿದಾಗ ಮಾತ್ರ ಹಾಗೆ ಏಳುವುದು. “ಹುಟ್ಟು,” ಅಂದ. ಕೋಣೆ ಉಸಿರು ಬಿಟ್ಟಿತು. ಕಂಡಕ್ಟರ್ ಮೇಜು ಗುದ್ದಿದ. ಮೇಸ್ತ್ರಿ ಬೆಂಚಿನ ಕಡೆ ಕಣ್ಣು ಹಾಯಿಸಿದ. ಹೆಂಡತಿ ನೋಡುತ್ತಿದ್ದಳು. ಕತ್ತು ಓರೆಯಾಗಿತ್ತೋ ಅಥವಾ ಕಿಟಕಿಯ ಬೆಳಕಿಗೆ ಹಾಗೆ ಕಂಡಿತೋ, ಹದ್ದಿಗೆ ಕಣ್ಣು ಸಾಲ ಕೊಡುವವನಿಗೆ ಅದೊಂದು ಗೊತ್ತಾಗಲಿಲ್ಲ. ಈ ಗಳಿಗೆ ಹೀಗೇ ನಿಂತುಬಿಡಲಿ, ಷಡ್ಡಕನ ಡಬ್ಬಿಯ ಮುಚ್ಚಳಕ್ಕೆ ತುಕ್ಕು ಹಿಡಿದು ತೆರೆಯದಿರಲಿ ಎಂದು ಅವನು ಬೇಡಿಕೊಂಡ. ಮಖಮಲ್ಲಿನ ಡಬ್ಬಿಗೆ ತುಕ್ಕು ಹಿಡಿಯುವುದಿಲ್ಲ.

ಡಬ್ಬಿ ತೆರೆದಾಗ ಎದ್ದ ಉದ್ಗಾರಕ್ಕೆ ಕೆಳಗಿನ ಅಂಗಡಿಯ ಬೀಗಗಳೆಲ್ಲ ತಾವೇ ಬಿಚ್ಚಿಕೊಂಡಿರಬೇಕು. ಜನ ಒಬ್ಬರ ಭುಜದ ಮೇಲೊಬ್ಬರು ಬಗ್ಗಿದರು. “ಅಯ್ಯೋ, ಚಂದ್ರ ಕಣ್ರೀ, ಹಾಯಿ ತುದೀಲೇ ಇಟ್ಟಿದಾನೆ,” ಎಂದರು ಯಾರೋ. ಬೀಗದಮ್ಮ ಮಾತ್ರ ಕನ್ನಡಕ ಏರಿಸಿ, “ಎಲ್ಲಿ ಸಿಕ್ತಪ್ಪ ಹಾಸಿಗೆ ಸಾಹುಕಾರ?” ಅಂದಳು.

“ಅದೊಂದು ದೊಡ್ಡ ಕಥೆ ಅಮ್ಮ. ಯಾರ ಕೈಯಿಂದ ಬಂತು ಅಂತ ಕೇಳಿದ್ರೆ ಬಿದ್ದು ಬಿದ್ದು ನಗ್ತೀರ. ಮೊದಲು ಭಾವ ಒಂದು ಮಾತು ಹೇಳ್ಲಿ, ಆಮೇಲೆ ಹೇಳ್ತೀನಿ.” ಎಂದು ಷಡ್ಡಕ ಡಬ್ಬಿಯನ್ನು, ಹಾಸಿಗೆಯ ಮೇಲೆ ದಿಂಬು ಸರಿಸಿದ ಹಾಗೆ, ಮೆಲ್ಲಗೆ ಮೇಸ್ತ್ರಿಯ ಮುಂದೆ ಸರಿಸಿ, ಹೋಗಿ ಬೆಂಚಿನ ಮೇಲೆ ಹೆಂಗಸರ ಪಕ್ಕ ಕೂತ.

ಮೇಸ್ತ್ರಿ ನಾಣ್ಯವನ್ನು ಎತ್ತಿಕೊಂಡ. ಭೂತಗನ್ನಡಿಯೊಳಗೆ ಹಡಗು ಮನೆಯಷ್ಟಾಯಿತು, ಹಾಯಿ ಬೀದಿಯಷ್ಟಾಯಿತು, ಚಂದ್ರ ಆಕಾಶ ತುಂಬಿಕೊಂಡ. ಬೆಂಕಿಗೆ ಸಿಕ್ಕಿದ ತಾಮ್ರ ಅಂಚಿನಲ್ಲಿ ನವಿಲಿನ ಬಣ್ಣಕ್ಕೆ ತಿರುಗುತ್ತದೆ. ಇದರಲ್ಲಿ ತಿರುಗಿರಲಿಲ್ಲ. ಬಿಸಿಗೆ ಮೇಲ್ಮೈಯ ಹೊಳಪು ಸತ್ತು ಬೂದಿ ಬಳಿದ ಹಾಗಾಗುತ್ತದೆ. ಇದರ ಹೊಳಪು ಹಾಯಿಯಿಂದ ಗುಳ್ಳೆಯ ಮೇಲೆ ಹತ್ತಿ ಆ ಕಡೆ ಇಳಿದು, ಗುಡ್ಡ ದಾಟುವ ಕಾಲುದಾರಿಯ ಹಾಗೆ, ಎಲ್ಲೂ ಕಡಿಯದೆ ಹೋಗಿತ್ತು. ಹುಟ್ಟು. ನೂರಕ್ಕೆ ಸಾವಿರ ಪಾಲು ಹುಟ್ಟು. ಇಷ್ಟು ಚೆಂದದ ತಪ್ಪನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ಮತ್ತು ಇದು ನನ್ನ ಕೈಯಲ್ಲಿತ್ತು, ಬ್ರೆಡ್ಡಿನ ಪೊಟ್ಟಣದ ಜೊತೆ, ನನ್ನ ಕೈಯಲ್ಲಿತ್ತು. ನಿಕ್ಕಲ್ ತೊಟ್ಟಿಯಿಂದ ಎದ್ದ ಮೊದಲನೆ ನಲ್ಲಿಯನ್ನು ಅವನ ಕೈಗೆ ಕೊಟ್ಟ ಹಳೆಯ ಮೇಸ್ತ್ರಿ ನೆನಪಾದ. ಗುಳ್ಳೆ ಕಂಡರೆ ಕನಿಕರ ಬೇಡ ಕಣೋ, ಉಗುರು ಹಾಕು, ಇಳಿದರೆ ಗಾಳಿ, ಇಳಿಯದಿದ್ದರೆ ಕಸ ಎಂದು ಹೇಳಿಕೊಟ್ಟವನು. ಅವತ್ತಿನಿಂದ ಉಗುರು ಹಾಕಿದ್ದೇ ಹಾಕಿದ್ದು. ಅವನ ಬಲ ಹೆಬ್ಬೆರಳಿನ ಉಗುರು ಕೆಮಿಕಲ್ಲಿಗೆ ಹಳದಿಯಾಗಿ, ಕೊಂಬಿನ ಹಾಗೆ ಗಟ್ಟಿಯಾಗಿತ್ತು. ನಿದ್ದೆಯಲ್ಲೂ ದಿಂಬಿನ ಮೇಲೆ ಉಬ್ಬು ಸಿಕ್ಕರೆ ಒತ್ತುತ್ತಾನೆ ಎಂದು ಹೆಂಡತಿ ಹೇಳುತ್ತಿದ್ದಳು. ಬೆಂಚಿನ ಕಡೆಯಿಂದ ಷಡ್ಡಕ ಏನೋ ಪಿಸುಗುಟ್ಟಿದ್ದು ಕೇಳಿಸಿತು. ಅದರ ಬೆನ್ನಿಗೇ, ತಡೆದುಕೊಂಡರೂ ತಡೆಯದೆ, ಹೊಟ್ಟೆಯಿಂದ ಹೊರಟ ಅವಳ ನಗುವಿನ ಒಂದು ತುಂಡು. ಹೆಬ್ಬೆರಳು ಎದ್ದಿತು. ಅದು ಏಳುವುದನ್ನು ಅವನು ಗಾಜಿನೊಳಗಿಂದಲೇ ನೋಡಿದ. ಹಳದಿ ಉಗುರು ಬಂಡೆಯಷ್ಟು ದೊಡ್ಡದಾಗಿ, ಹಡಗಿನ ಮೇಲೆ ನೆರಳು ಹಾಸುತ್ತ, ಚಂದ್ರನ ನೆತ್ತಿಯ ಮೇಲೆ ಬಂದು ನಿಂತಿತು. ನಿಂತಿತು. ನಿಂತದ್ದು ಅವನಿಗೆ ಗೊತ್ತಿತ್ತು. ಆಮೇಲೆ ಒತ್ತಿತು.

ಸದ್ದು ಅವನಿಗೆ ಮಾತ್ರ ಕೇಳಿಸಿತು. ಲಾರಿಯ ಟೈರು ಒಡೆದಂಥ ಸದ್ದು. ಚಂದ್ರ ಕುಸಿದು, ತಾಮ್ರದ ಸಿಪ್ಪೆ ಒಂದು ಕಡೆ ಹರಿದು, ಒಳಗಿನ ಉಕ್ಕು ಬೂದುಬಣ್ಣಕ್ಕೆ ಇಣುಕಿತು.

ಭೂತಗನ್ನಡಿ ಕೆಳಗಿಟ್ಟಾಗ ಕೋಣೆಯ ಮುಖಗಳೆಲ್ಲ ಒಂದೇ ಮುಖವಾಗಿದ್ದವು. “ಅಯ್ಯಯ್ಯೋ ಮೇಸ್ತ್ರಿಗಳೇ, ಏನ್ ಮಾಡಿಬಿಟ್ರಿ!” ಎಂದು ಕಂಡಕ್ಟರ್ ತಲೆ ಹಿಡಿದುಕೊಂಡ. ನಾಣ್ಯವನ್ನು ಅಂಚು ಬಿಟ್ಟು ಬೇರೆಲ್ಲೂ ಮುಟ್ಟಬಾರದು, ಉಸಿರನ್ನೂ ದೂರ ಬಿಡಬೇಕು ಎಂದು ಆ ಮೇಜಿನಲ್ಲಿ ಎಲ್ಲರಿಗೂ ಕಲಿಸಿದವನೇ ಅವನು. ಷಡ್ಡಕ ಎದ್ದು ಬಂದು ನಾಣ್ಯ ನೋಡಿದ. ಅವನ ಮೆತ್ತನೆಯ ಮುಖದಲ್ಲಿ ಒಂದು ಗಳಿಗೆ ಏನೋ ಗಟ್ಟಿಯಾದದ್ದು ಎದ್ದು ಬಂತು. ಬರಲಿ, ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಮೇಸ್ತ್ರಿ ಆಸೆಯಿಂದ ಕಾದ. ಅದು ಹಾಗೇ ಇಳಿದು ಹೋಯಿತು.

“ಪಾಪ, ಕೈ ಅಭ್ಯಾಸ,” ಅಂದ ಷಡ್ಡಕ, ಎಲ್ಲರಿಗೂ ಕೇಳುವ ಹಾಗೆ. “ದಿನಾ ನೂರು ನಲ್ಲಿ ಒತ್ತೋ ಬೆರಳು, ಅದಕ್ಕೇನು ಗೊತ್ತು ಇದು ನಲ್ಲಿ, ಇದು ನಾಣ್ಯ ಅಂತ. ಬಿಡಿ ಭಾವ, ಮುಖ ಚಿಕ್ಕದು ಮಾಡ್ಕೋಬೇಡಿ. ಯಾರ ಕೈಯಿಂದ ಬಂತು ಅಂದ್ನಲ್ಲ, ಕೇಳಿ ಎಲ್ಲರೂ. ಇದನ್ನ ನಂಗೆ ಕೊಟ್ಟಿದ್ದೇ ಇವರು. ಬಸ್ ಸ್ಟ್ಯಾಂಡಲ್ಲಿ, ಸುಮ್ನೆ ಚಿಲ್ಲರೆ ಕೊಟ್ಟ ಹಾಗೆ ಕೊಟ್ರು. ಇವರ ಕಣ್ಣಿಗೆ ಇದು ಬೀಳ್ದೆ ಇರುತ್ತಾ? ಇವನಿಗೆ ಕಣ್ಣಿದೆಯೋ ಇಲ್ವೋ ನೋಡೋಣ ಅಂತ ನನ್ನ ಪರೀಕ್ಷೆ ಮಾಡಿದ್ದು! ಗೊತ್ತಿದ್ದೂ ಗೊತ್ತಿದ್ದೂ ನಂಗೆ ಬಿಟ್ಟುಕೊಟ್ರು. ನಾವು ಬಿಟ್ಟುಕೊಡ್ತಿದ್ವಾ ಅಮ್ಮ, ಹೇಳಿ?”

“ದೊಡ್ಡ ಮನಸ್ಸು,” ಅಂದಳು ಬೀಗದಮ್ಮ. ಕೋಣೆಯ ತುಂಬ ಹೌದು ಹೌದು ಎನ್ನುವ ಗುಜುಗುಜು ಎದ್ದಿತು. ಯಾರೋ ನೀರು ತಂದುಕೊಟ್ಟರು. ಯಾರೋ ಬೆನ್ನು ಸವರಿದರು. ಷಡ್ಡಕ ನಿಜವಾಗಿ ಹಾಗೆ ನಂಬಿದ್ದನೋ, ಅಥವಾ ಸ್ಪ್ರಿಂಗು ಮುರಿದ ಹಾಸಿಗೆಯ ಮೇಲೆ ಹೊಸ ಹೊದಿಕೆ ಎಳೆಯುವ ಕಸುಬಿನವನಾದ್ದರಿಂದ ಈಗ ತನ್ನ ಮೇಲೂ ಎಳೆಯುತ್ತಿದ್ದಾನೋ, ಮೇಸ್ತ್ರಿಗೆ ತಿಳಿಯಲಿಲ್ಲ. ತಿಳಿಯದೆ ಇದ್ದದ್ದೇ ಹೆಚ್ಚು ಉರಿಯಿತು. ಅದೃಷ್ಟ ಇವನದು, ನಗು ಇವನದು, ಕತೆ ಇವನದು. ಕೊನೆಗೆ ನನ್ನನ್ನು ಕ್ಷಮಿಸುವ ದೊಡ್ಡತನವೂ ಇವನ ಪಾಲಿಗೇ ಹೋಯಿತು. ನನಗೆ ಉಳಿದದ್ದು ಏನು, ಅಭ್ಯಾಸ. ತನ್ನ ಪಾಡಿಗೆ ತಾನು ಏಳುವ, ತಲೆಯಿಲ್ಲದ ಒಂದು ಹೆಬ್ಬೆರಳು. ಇಡೀ ಊರಿನಲ್ಲಿ ಇಂಥ ಚಂದ್ರನನ್ನು ಉರುಳಿಸುವ ಹೊಟ್ಟೆಕಿಚ್ಚು ಇನ್ನು ಯಾರಿಗಿದೆ, ಅದನ್ನೂ ಅಭ್ಯಾಸ ಅಂದುಬಿಟ್ಟರೆ?

ಅವನು ಎದ್ದು ನಿಂತ. “ಅಭ್ಯಾಸ ಅಲ್ಲ,” ಅಂದ. “ಪರೀಕ್ಷೆನೂ ಅಲ್ಲ, ಮಣ್ಣೂ ಅಲ್ಲ. ಅವತ್ತು ನಾನು ನೋಡ್ಲೇ ಇಲ್ಲ. ಇವತ್ತು ನೋಡ್ದೆ. ಹುಟ್ಟು ಅಂತ ಗೊತ್ತಾಯ್ತು. ಗೊತ್ತಾದ್ಮೇಲೆ ಒಡ್ದೆ. ಬೇಕಂತಲೇ ಒಡ್ದೆ.”

ಕೋಣೆ ಅರೆಗಳಿಗೆ ಅವನನ್ನೇ ನೋಡಿತು. ಆಮೇಲೆ ಕಂಡಕ್ಟರನ ಮೂಗಿನಿಂದ ಮೊದಲ ನಗು ಚಿಮ್ಮಿತು, ಬೆನ್ನಿಗೆ ಎಲ್ಲರದೂ. “ನೋಡಿ, ನೋಡಿ! ತಪ್ಪು ಮಾಡಿದ್ರೂ ಮೇಸ್ತ್ರಿಗಳು ಸಣ್ಣ ತಪ್ಪು ಮಾಡಿದೆ ಅನ್ನೋರಲ್ಲ,” ಅಂದ ಕಂಡಕ್ಟರ್, ಕಣ್ಣು ಒರೆಸಿಕೊಳ್ಳುತ್ತ. “ಕೈ ಜಾರ್ತು ಅಂದ್ರೆ ಇವರ ಮರ್ಯಾದೆಗೆ ಕಮ್ಮಿ. ಕೊಲೇನೇ ಮಾಡ್ದೆ ಅನ್ಬೇಕು!”

“ಕೂತ್ಕೊಳ್ಳಪ್ಪ, ಕೂತ್ಕೋ,” ಅಂದಳು ಬೀಗದಮ್ಮ. “ನಿನ್ನ ಬಾಯಿ ನಂಗೊತ್ತಿಲ್ವಾ? ಆಸಿಡ್ ತೊಟ್ಟಿಗೆ ಬಿದ್ದವನನ್ನ ಇದೇ ಕುರ್ಚೀಲಿ ಕೂತು ಎಷ್ಟು ಸಲ ಎತ್ತಿದೀಯ ನೀನು.”

ಮತ್ತೆ ನಗು. ಷಡ್ಡಕ ಅವನ ಹೆಗಲ ಮೇಲೆ ಕೈ ಹಾಕಿ, “ನಿಮ್ಮಂಥ ಭಾವ ಎಲ್ಲಿ ಸಿಗ್ತಾರೆ,” ಅಂದ. ಆ ಕೈ ಬೆಚ್ಚಗಿತ್ತು, ಭಾರವಾಗಿತ್ತು. ಮೇಸ್ತ್ರಿ ಬಾಯಿ ತೆರೆದ. ‘ನಿಜ’ ಎನ್ನುವ ಮಾತು ಗಂಟಲವರೆಗೆ ಬಂತು. ಅದನ್ನು ಅವನು ತನ್ನ ಜೀವಮಾನದಲ್ಲಿ ಸುಳ್ಳಿನ ಬಾಲಕ್ಕೆಲ್ಲ ಕಟ್ಟಿ ಕಟ್ಟಿ ಕಳಿಸಿದ್ದ. ಈಗ ಬೇಕಾದಾಗ ಅದರಲ್ಲಿ ಏನೂ ಉಳಿದಿರಲಿಲ್ಲ. ನಾಣ್ಯವನ್ನು ಬೀಗದಮ್ಮ ಹತ್ತಿಯ ಮೇಲಿಟ್ಟು ಡಬ್ಬಿ ಮುಚ್ಚಿದಳು. ಮೇಜಿನ ಮೇಲೆ ಮುಂದಿನ ಕರವಸ್ತ್ರ ಬಿಚ್ಚಿಕೊಂಡಿತು. ಎಲ್ಲರೂ ಅವನ ಮಾತಿಗೆ ಕಾದರು. ಅವನಿಗೆ ಕುರ್ಚಿಯೂ ಉಳಿದಿತ್ತು, ಬೆಳಕೂ ಉಳಿದಿತ್ತು. ಅವನು ತಲೆನೋವೆಂದು ಹೇಳಿ ಹೊರಟ.

ಮರದ ಮೆಟ್ಟಿಲು ಇಳಿಯುವಾಗ ಹಿಂದೆ ಇನ್ನೊಂದು ಜೊತೆ ಹೆಜ್ಜೆ ಕೇಳಿಸಿತು. ಹೆಂಡತಿ. ತಂಗಿಯನ್ನೂ ಷಡ್ಡಕನನ್ನೂ ಮೇಲೆಯೇ ಬಿಟ್ಟು ಬಂದಿದ್ದಳು. ಕೆಳಗಿನ ಬೀದಿಯಲ್ಲಿ ಬಿಸಿಲು ಏರಿತ್ತು. ಭಾನುವಾರದ ಖಾಲಿತನದಲ್ಲಿ ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿಕೊಂಡು, ಯಾರೂ ಅಡ್ಡ ಇಲ್ಲದಿದ್ದರೂ ಬಾರಿಸಿಕೊಂಡು ಹೋದ. ಸ್ವಲ್ಪ ದೂರ ಇಬ್ಬರೂ ನಡೆದರು. ಅವಳು ಮುಂದೂ ಇರಲಿಲ್ಲ, ಹಿಂದೂ ಇರಲಿಲ್ಲ. ಅವಳ ಪಕ್ಕದಲ್ಲಿ ಹೀಗೆ ನಡೆಯಲು ಅವನು ಬೆಳಿಗ್ಗೆಯಿಂದ ಷಡ್ಡಕನ ಬೆನ್ನಿಗೆ ಕಣ್ಣಲ್ಲೇ ತೂತು ಕೊರೆದಿದ್ದ. ಈಗ ಆ ಜಾಗ ಖಾಲಿಯಾಗಿ ಸಿಕ್ಕಿದಾಗ ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

“ನಾನು ನಂಬಿದೆ,” ಅಂದಳು.

ಅವನು ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ, ಅಸಹ್ಯ ಇರಲಿಲ್ಲ, ಷಡ್ಡಕನ ಮುಖದ ಮೇಲಿದ್ದಂಥ ಮೆತ್ತನೆಯ ಕ್ಷಮೆಯೂ ಇರಲಿಲ್ಲ. ಸುಮ್ಮನೆ ನೋಡುತ್ತಿದ್ದಳು, ಹೇಳಿದ್ದನ್ನು ಹೇಳಿದಷ್ಟೇ ತೆಗೆದುಕೊಂಡವಳ ಹಾಗೆ. ಇಷ್ಟು ವರ್ಷ ಯಾವುದಕ್ಕಾಗಿ ಟೋಪಿಯನ್ನು ಮನುಷ್ಯನನ್ನಾಗಿ ಮಾಡಿದನೋ, ಇಲಿಯನ್ನು ಹೆಗ್ಗಣವನ್ನಾಗಿ ಮಾಡಿದನೋ, ಅದು ಇದೇ ಇರಬೇಕು. ಈಗ ಅದು ಸಿಕ್ಕಿತ್ತು. ಮೇಲೆ ನಕ್ಕ ಹತ್ತಾರು ಜನರ ಮುಂದೆ ಹೇಳುವುದು ಸುಲಭವಾಗಿತ್ತು. ನಂಬಿದ ಒಬ್ಬಳ ಮುಂದೆ ಆ ಮಾತು ಹೊರಲಾರದಷ್ಟು ಭಾರವಾಗಿತ್ತು.

“ಹಾಗೇನಿಲ್ಲ ಕಣೇ,” ಅಂದ. “ಬೆರಳು ತಾನಾಗೇ ಹೋಯ್ತು. ಸ್ವಲ್ಪ... ಒಂದು ಚೂರು ಹೊಟ್ಟೆ ಉರೀತು, ಅಷ್ಟೆ. ಅಂಥದ್ದೇನಲ್ಲ.”

“ಬೇಡ,” ಅಂದಳು ಹೆಂಡತಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಿನಲ್ಲಿ ಹೆಜ್ಜೆ ಹಾಕುತ್ತ. “ಈಗ ಕಮ್ಮಿ ಮಾಡಿ ಹೇಳ್ಬೇಡಿ.”